ಗುರುಗಳಿಗೆ ರುಚಿ ಹೇಳಿದವಳು

ಹೊಳೆದಂಡೆಯಲ್ಲಿ ಒಂದು ಆಶ್ರಮ. ಆಶ್ರಮದ ನಡುವೆ ಹಿಂದಿನ ಗುರುಗಳ ಗದ್ದುಗೆ. ಮಧ್ಯಾಹ್ನ ಆ ಗದ್ದುಗೆಗೆ ನೈವೇದ್ಯವಾಗಿ ಗಂಟೆ ಬಾರಿಸುವ ತನಕ ಅಲ್ಲಿ ಯಾರೂ ಒಂದಗುಳು ಬಾಯಿಗಿಡುವಂತಿಲ್ಲ.

ಅಡುಗೆ ಮಾಡುವವರಿಗಂತೂ ನಿಯಮ ಇನ್ನೂ ಬಿಗಿ. ಉಪ್ಪು ನೋಡುವುದಕ್ಕೂ ಸೌಟನ್ನು ನಾಲಿಗೆಗೆ ತಾಗಿಸಬಾರದು. ಮೂಗಿನಲ್ಲೇ ಉಪ್ಪು ಹಿಡಿಯಬೇಕು, ಕಣ್ಣಿನಲ್ಲೇ ಹುಳಿ ಅಳೆಯಬೇಕು.

ದಾಕ್ಷಾಯಿಣಿಗೆ ಅದು ಕರಗತವಾಗಿತ್ತು. ನಾಲ್ಕು ವರ್ಷದಿಂದ ಅವಳು ಅಲ್ಲಿ ಶಿಷ್ಯೆ. ಬೆಳಿಗ್ಗೆ ಗುರುಗಳ ಪಾಠ, ಆಮೇಲೆ ಅಡುಗೆಮನೆ. ಗಂಡ ಅದೇ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ.

ಈಗ ಅವಳು ಬಸುರಿ. ಐದು ತಿಂಗಳು ತುಂಬಿತ್ತು.

ಇದು ಮೊದಲನೆಯದಲ್ಲ. ಎರಡು ವರ್ಷದ ಹಿಂದೆ ಒಂದು ಮಗು ಆರು ತಿಂಗಳು ಇಪ್ಪತ್ತು ದಿನಕ್ಕೆ ಹೊಟ್ಟೆಯಲ್ಲೇ ಹೋಗಿತ್ತು. ಆ ಲೆಕ್ಕವನ್ನು ಅವಳು ಮರೆತಿರಲಿಲ್ಲ. ಈ ಸಲವೂ ದಿನ ಎಣಿಸುತ್ತಿದ್ದಳು. ಆ ಇಪ್ಪತ್ತನೇ ದಿನ ಒಂದು ದಾಟಿಬಿಟ್ಟರೆ ಸಾಕು ಅಂತ ಗದ್ದುಗೆಯ ಮುಂದೆ ದಿನಾ ಕೈಮುಗಿಯುತ್ತಿದ್ದಳು.

ಕೈಮುಗಿದು ಎದ್ದು ಹೋಗುತ್ತಿದ್ದುದು ಎಲ್ಲಿಗೆ ಅಂತೀರಿ? ಉಗ್ರಾಣಕ್ಕೆ.

ಅಲ್ಲಿ ಅಕ್ಕಿ ಮೂಟೆಗಳ ಹಿಂದೆ ನಿಂತು ತಿನ್ನುತ್ತಿದ್ದಳು. ಹುರಿಗಡಲೆ, ಕೊಬ್ಬರಿ, ಹಿಂದಿನ ದಿನದ ತಂಗಳು, ಕೈಗೆ ಸಿಕ್ಕಿದ್ದು. ಹೊಟ್ಟೆ ಬಿರಿಯುವ ಹಾಗೆ ಆದರೂ ಕೈ ನಿಲ್ಲುತ್ತಿರಲಿಲ್ಲ. ಆಮೇಲೆ ಅತ್ತು, ಪಾಪ ಕಳೆಯಲಿ ಅಂತ ರಾತ್ರಿ ಊಟ ಬಿಡುತ್ತಿದ್ದಳು. ಮಾರನೇ ದಿನ ಮತ್ತೆ ಅದೇ ಕಥೆ.

ಒಂದು ದಿನ ಹೆಸರುಬೇಳೆ ಪಾಯಸ ನೈವೇದ್ಯ. ಹನ್ನೆರಡೂವರೆಗೆ ಚಿಕ್ಕವೀರಯ್ಯ ಪಾತ್ರೆ ಒಯ್ಯಲು ಬಂದ. ಗುರುಗಳ ಹಿರಿಯ ಶಿಷ್ಯ ಅವನು, ಗದ್ದುಗೆಯ ಪೂಜೆ ಅವನದೇ. ಮುಚ್ಚಳ ತೆಗೆದ. ಪಾಯಸ ಅರ್ಧಕ್ಕೆ ಇಳಿದಿತ್ತು.

"ಇದೇನಮ್ಮ, ಇನ್ನರ್ಧ ಎಲ್ಲಿ?"

ದಾಕ್ಷಾಯಿಣಿ ಒಲೆಯ ಕಡೆ ತಿರುಗಿ ಸೌದೆ ಸರಿಪಡಿಸತೊಡಗಿದಳು.

ಚಿಕ್ಕವೀರಯ್ಯ ಆಚೀಚೆ ನೋಡಿದ. ಕಿಟಕಿಯಲ್ಲಿ ಆಶ್ರಮದ ಬೂದು ಬೆಕ್ಕು ಮೈ ನೆಕ್ಕಿಕೊಳ್ಳುತ್ತಾ ಕೂತಿತ್ತು.

"ಓಹೋ, ನಿನ್ನ ಕೆಲಸವಾ!" ಅಂದವನೇ ಸೌದೆ ರಾಶಿಯಿಂದ ಒಂದು ಕೋಲು ಎಳೆದುಕೊಂಡ.

ದಾಕ್ಷಾಯಿಣಿ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಬೆಕ್ಕಿಗೆ ಎರಡೇಟು, ಅವಳಿಗೆ ಬಿಡುಗಡೆ. ಆದರೆ ಕೋಲು ಎದ್ದಾಗ ಅವಳಿಂದ ತಡೆಯಲಾಗಲಿಲ್ಲ.

"ಅದಕ್ಕೆ ಹೊಡೀಬೇಡಿ ಅಣ್ಣ. ತಿಂದಿದ್ದು ನಾನು."

ಚಿಕ್ಕವೀರಯ್ಯನ ಕೈಯಿಂದ ಕೋಲು ಜಾರಿತು. ನೈವೇದ್ಯಕ್ಕೆ ಮುಂಚೆ! ಗದ್ದುಗೆಯ ಪಾಯಸ! ಅವನ ಮುಖ ಹರಳೆಣ್ಣೆ ಕುಡಿದವರ ಮುಖದ ಹಾಗಾಯಿತು.

ಗುರು ಕರಿಬಸವಯ್ಯನವರು ಜಗಲಿಯ ಪಕ್ಕದ ಅತ್ತಿಮರದ ಕೆಳಗೆ ಕೂತಿದ್ದರು. ಎಪ್ಪತ್ತು ದಾಟಿದ ಸಣಕಲು ಜೀವ. ಆ ಕಡೆ ಗುರುಗಳನ್ನು ಎಲ್ಲರೂ ಕರೆಯುವುದು ‘ಬುದ್ಧಿ’ ಅಂತ. ಅವರ ಬಗ್ಗೆ ಸುತ್ತಮುತ್ತಲ ಊರಲ್ಲೆಲ್ಲ ಒಂದು ಮಾತಿತ್ತು: ಬುದ್ಧಿಯವರು ನಾಲಿಗೆ ಗೆದ್ದವರು. ಉಪ್ಪಿಲ್ಲದ ಸಾರನ್ನೂ ಖಾರ ಮಿತಿಮೀರಿದ ಗೊಜ್ಜನ್ನೂ ಒಂದೇ ಮುಖದಲ್ಲಿ ಉಣ್ಣುತ್ತಾರೆ ಅಂತ.

ಚಿಕ್ಕವೀರಯ್ಯ ಒಂದೇ ಉಸಿರಿಗೆ ದೂರು ಒಪ್ಪಿಸಿದ. ದಾಕ್ಷಾಯಿಣಿ ತಲೆ ತಗ್ಗಿಸಿ ನಿಂತಳು.

ಗುರುಗಳು ಅವಳನ್ನೇ ನೋಡಿದರು. "ಪಾಯಸಕ್ಕೆ ಏಲಕ್ಕಿ ಹಾಕಿದ್ದೆಯಾ?"

"ಹಾಕಿದ್ದೆ ಬುದ್ಧಿ."

"ತಿನ್ನುವಾಗ ಸಿಕ್ಕಿತಾ?"

ಅವಳು ಯೋಚಿಸಿದಳು. "ಗೊತ್ತಿಲ್ಲ ಬುದ್ಧಿ."

"ಬೆಲ್ಲ ಸರಿಯಿತ್ತಾ?"

"ಗೊತ್ತಿಲ್ಲ."

"ಬಿಸಿಯಿತ್ತಾ, ಆರಿತ್ತಾ?"

ಆಗಲೇ ಅವಳಿಗೆ ನಾಲಿಗೆ ಚುರುಚುರು ಅನ್ನುತ್ತಿರುವುದು ತಿಳಿದದ್ದು. ಸುಟ್ಟುಕೊಂಡಿದ್ದಳು. ಅದೂ ಗೊತ್ತಾಗಿರಲಿಲ್ಲ.

"ಅರ್ಧ ಪಾತ್ರೆ ಖಾಲಿ ಮಾಡಿದ್ದೀಯ, ಒಂದೂ ಗೊತ್ತಿಲ್ಲ!" ಗುರುಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಬರೀ ಅಚ್ಚರಿ. "ಹಾಗಾದರೆ ಆ ಪಾಯಸ ತಿಂದೋರು ಯಾರು?"

ದಾಕ್ಷಾಯಿಣಿ ಅವರ ಕಾಲ ಬಳಿ ಕುಸಿದು ಕೂತಳು. ಉಗ್ರಾಣದ ಕಥೆಯನ್ನೆಲ್ಲ ಹೇಳಿಬಿಟ್ಟಳು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು, "ಪ್ರಾಯಶ್ಚಿತ್ತ ಕೊಡಿ ಬುದ್ಧಿ. ಒಂಬತ್ತು ದಿನ ಉಪವಾಸ ಇರ್ತೀನಿ."

"ಒಂಬತ್ತು ಎಲ್ಲಿಗೆ ಸಾಲುತ್ತೆ?" ಅಂದ ಚಿಕ್ಕವೀರಯ್ಯ.

ಗುರುಗಳು ಅವನ ಕಡೆ ತಿರುಗಲೇ ಇಲ್ಲ. "ನೀನು ಉಪವಾಸ ಇದ್ದರೆ ಒಳಗಿರೋರೂ ಇರಬೇಕಾಗುತ್ತಲ್ಲ ತಾಯಿ. ಅವರೇನು ತಪ್ಪು ಮಾಡಿದರು?"

ಅವಳ ಕೈ ಹೊಟ್ಟೆಯ ಮೇಲೆ ಹೋಯಿತು.

"ಪ್ರಾಯಶ್ಚಿತ್ತ ಬೇಕು ತಾನೆ? ಕೊಡ್ತೀನಿ. ನಾಳೆಯಿಂದ ನೈವೇದ್ಯಕ್ಕೆ ಮುಂಚೆ ಉಣ್ಣು."

"ಬುದ್ಧಿ!" ಅಂದರು ಇಬ್ಬರೂ ಒಟ್ಟಿಗೆ.

"ಉಗ್ರಾಣದಲ್ಲಲ್ಲ. ಇಲ್ಲಿ, ಈ ಜಗಲಿ ಮೇಲೆ, ಎಲೆ ಹಾಕಿಕೊಂಡು, ನನ್ನ ಎದುರಿಗೆ. ಉಂಡಾದ ಮೇಲೆ ಏನುಂಡೆ, ಹೇಗಿತ್ತು, ನನಗೆ ಹೇಳಬೇಕು. ಇಷ್ಟೇ."

"ಇವತ್ತಿನ ನೈವೇದ್ಯ ಬುದ್ಧಿ?" ಚಿಕ್ಕವೀರಯ್ಯ ಕೈ ಹಿಸುಕಿಕೊಂಡ.

"ಗದ್ದುಗೆಗೆ ಎರಡು ಬಾಳೆಹಣ್ಣು ಇಡು. ಹಿರಿಯರು ಬೇಜಾರು ಮಾಡಿಕೊಳ್ಳಲ್ಲ. ಉಳಿದ ಪಾಯಸದಲ್ಲಿ ಒಂದು ಸೌಟು ಬೆಕ್ಕಿಗೆ ಹಾಕು. ಪಾಪ, ಸುಮ್ಮನೆ ಅಪವಾದ ಹೊತ್ತಿದೆ."

ಮಾರನೇ ದಿನ ಹತ್ತು ಗಂಟೆಗೆ ಅವಳು ಜಗಲಿ ಮೇಲೆ ಕೂತಳು. ಮುದ್ದೆ, ಅವರೆಕಾಳಿನ ಸಾರು. ಬಟ್ಟೆ ಒಗೆಯಲು ಹೊಳೆಗೆ ಹೋಗುವ ಹೆಂಗಸರು ತಿರುಗಿ ತಿರುಗಿ ನೋಡುತ್ತಿದ್ದರು. ಬಾಗಿದ ತಲೆ ಎತ್ತದೆ ಉಂಡು ಮುಗಿಸಿದಳು.

"ಹೇಗಿತ್ತು?" ಅಂದರು ಗುರುಗಳು.

"ಚೆನ್ನಾಗಿತ್ತು ಬುದ್ಧಿ."

"ಚೆನ್ನಾಗಿತ್ತು ಅಂದರೆ?"

"ಅಂದರೆ... ಚೆನ್ನಾಗಿತ್ತು."

"ಅದು ರುಚಿ ಹೇಳಿದ ಹಾಗಾಗಲಿಲ್ಲ. ಬಾಗಿಲು ಹಾಕಿಕೊಂಡ ಹಾಗಾಯಿತು."

ದಾಕ್ಷಾಯಿಣಿಗೆ ಸ್ವಲ್ಪ ಸಿಟ್ಟೇ ಬಂತು. "ನಿಮಗೇಕೆ ಬುದ್ಧಿ ಅದೆಲ್ಲ? ನೀವು ನಾಲಿಗೆ ಗೆದ್ದವರು."

ಗುರುಗಳು ಆಚೀಚೆ ನೋಡಿದರು. ಹತ್ತಿರ ಯಾರೂ ಇರಲಿಲ್ಲ. ದನಿ ತಗ್ಗಿಸಿದರು.

"ಗೆದ್ದಿದ್ದಲ್ಲ ಕಣಮ್ಮ, ಕಳಕೊಂಡಿದ್ದು. ಮೂರು ವರ್ಷದ ಹಿಂದೆ ಒಂದು ಜ್ವರ ಬಂತಲ್ಲ? ಜ್ವರ ಹೋಯಿತು, ಜೊತೆಗೆ ರುಚಿಯೂ ಹೋಯಿತು. ಉಪ್ಪಿಗೂ ಬೆಲ್ಲಕ್ಕೂ ನನಗೆ ವ್ಯತ್ಯಾಸವಿಲ್ಲ."

ಅವಳು ಕಕ್ಕಾಬಿಕ್ಕಿಯಾದಳು. "ಮತ್ತೆ ಯಾರಿಗೂ ಹೇಳಲಿಲ್ಲವಲ್ಲ!"

"ಎಲ್ಲರೂ ವೈರಾಗ್ಯ ಅಂತ ಕೈಮುಗಿಯೋಕೆ ಶುರು ಮಾಡಿದರು. ಅಷ್ಟು ಜನ ಕೈಮುಗಿಯುವಾಗ ಇಲ್ಲ ಅನ್ನೋದಕ್ಕೆ ನನಗೆ ನಾಚಿಕೆ ಆಯಿತು." ಅವರು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. "ನಿನಗೊಂದು ಉಗ್ರಾಣ ಇದ್ದ ಹಾಗೆ ನನಗೂ ಒಂದು ಇದೆ ಅಂತ ಇಟ್ಟುಕೋ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅದಕ್ಕೇ ಕೇಳೋದು. ಅವರೆಕಾಳು ಹೇಗಿರುತ್ತೆ ಅನ್ನೋದೇ ನನಗೆ ಮರೆತುಹೋಗಿದೆ. ನಾಳೆ ಸರಿಯಾಗಿ ನೋಡಿ ಹೇಳಮ್ಮ."

ಅವತ್ತಿನಿಂದ ದಾಕ್ಷಾಯಿಣಿಯ ಊಟವೇ ಬೇರೆಯಾಯಿತು. ಒಬ್ಬ ಮನುಷ್ಯ ಎದುರಿಗೆ ಕೂತು ನಿನ್ನ ತುತ್ತಿಗೆ ಕಾಯುತ್ತಿದ್ದರೆ ಗಬಗಬ ನುಂಗಲು ಹೇಗೆ ಆಗುತ್ತದೆ ಹೇಳಿ? ಅವಳು ನಿಧಾನ ಮಾಡಿದಳು. ಕಾಳಿನ ಸಿಪ್ಪೆ ಬೇರೆ, ಒಳಗಿನ ಹಿಟ್ಟು ಬೇರೆ ಅಂತ ಮೊದಲ ಸಲ ಗೊತ್ತಾಯಿತು.

ಒಂದು ದಿನ ಅವಳು ಎಲೆ ತುದಿಯಲ್ಲಿ ಒಂದು ನೆಲ್ಲಿಕಾಯಿ ಇಟ್ಟುಕೊಂಡಿದ್ದಳು.

"ಮೊದಲು ಹುಳಿ ಬುದ್ಧಿ. ಕಣ್ಣು ಮುಚ್ಚಿಹೋಗುತ್ತೆ. ಆಮೇಲೆ ಒಗರು, ನಾಲಿಗೆ ದಪ್ಪ ಆದ ಹಾಗೆ. ಇನ್ನು ಸಾಕಪ್ಪಾ ಅನ್ನಿಸಿದಾಗ ಒಂದು ಗುಟುಕು ನೀರು ಕುಡಿದರೆ..."

"ಕುಡಿದರೆ?" ಗುರುಗಳು ಮುಂದಕ್ಕೆ ಬಾಗಿದ್ದರು.

"ನೀರು ಸಿಹಿ."

"ಹೌದು!" ಅವರು ತೊಡೆ ತಟ್ಟಿದರು. "ಹೌದು ಕಣಮ್ಮ, ಸಿಹಿ ಆಗ್ತಿತ್ತು! ಚಿಕ್ಕವನಿದ್ದಾಗ ಅದಕ್ಕೇ ತಿಂತಿದ್ದೆ."

ಅವತ್ತಿಡೀ ದಾಕ್ಷಾಯಿಣಿ ಖುಷಿಯಾಗಿದ್ದಳು. ಉಗ್ರಾಣದ ಕಡೆ ಹೋಗುವುದು ಕಡಿಮೆಯಾಗಿತ್ತು. ಹತ್ತಕ್ಕೆ ಹೊಟ್ಟೆಗೆ ಬಿದ್ದಿರುತ್ತಿದ್ದುದರಿಂದ ಪಾಯಸದ ಘಮ ಮೊದಲಿನಂತೆ ಅವಳ ಜುಟ್ಟು ಹಿಡಿದು ಎಳೆಯುತ್ತಿರಲಿಲ್ಲ.

ಆದರೆ ಕಡಿಮೆಯಾಗಿತ್ತು ಅಷ್ಟೇ, ನಿಂತಿರಲಿಲ್ಲ.

ಆರು ತಿಂಗಳು ತುಂಬಿದ ಮೇಲೆ ಒಂದು ಮಧ್ಯಾಹ್ನ ಅವಳ ಕಾಲು ತಾನಾಗಿ ಅಲ್ಲಿಗೆ ನಡೆಯಿತು. ಹುರಿಗಡಲೆ ಡಬ್ಬ ತೆಗೆದಳು. ತಳ ಕಾಣುವ ತನಕ ಕೈ ನಿಲ್ಲಲಿಲ್ಲ.

ಹೊರಗೆ ಬಂದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು. ಖಾಲಿ ಡಬ್ಬವನ್ನು ತಂದು ಗುರುಗಳ ಮುಂದಿಟ್ಟಳು.

"ನನ್ನ ಕೈಲಾಗಲ್ಲ ಬುದ್ಧಿ. ನೀವು ಬೇರೆ ಯಾರನ್ನಾದರೂ ನೋಡಿಕೊಳ್ಳಿ."

ಗುರುಗಳು ಡಬ್ಬದೊಳಗೆ ಇಣುಕಿದರು. "ಹೇಗಿತ್ತು?"

"ಬುದ್ಧಿ, ನಾನು ತಪ್ಪು ಮಾಡಿ ಬಂದಿದ್ದೀನಿ."

"ಅದು ಗೊತ್ತಾಯಿತು. ಹುರಿಗಡಲೆ ಹೇಗಿತ್ತು?"

ಅವಳು ಮೂಗು ಒರೆಸಿಕೊಂಡು ನೆನಪು ಮಾಡಿಕೊಂಡಳು. "ಮೊದಲನೇ ಹಿಡಿಯಲ್ಲಿ ಚೆನ್ನಾಗಿ ಹುರಿದ ವಾಸನೆ ಇತ್ತು. ಎರಡನೇ ಹಿಡಿಯಲ್ಲಿ ಸ್ವಲ್ಪ. ಮೂರನೇದರಿಂದ ಏನೂ ಇಲ್ಲ. ಮಣ್ಣು ತಿಂದ ಹಾಗೆ."

"ಹೋದ ಸಲ ಒಂದೂ ಗೊತ್ತಿರಲಿಲ್ಲ. ಈ ಸಲ ಎರಡು ಹಿಡಿ ತಿಂದಿದ್ದೀಯ." ಗುರುಗಳು ಡಬ್ಬವನ್ನು ಅವಳ ಕಡೆ ವಾಲಿಸಿದರು. "ಹಾಗಾದರೆ ಮೂರನೇ ಹಿಡಿಯಿಂದ ತಿಂದೋರು ಯಾರು?"

ದಾಕ್ಷಾಯಿಣಿ ನೀರಿನ ಕಡೆ ನೋಡಿದಳು. ಹೊಳೆಯಲ್ಲಿ ಗಂಡನ ದೋಣಿ ಆಚೆ ದಡ ಮುಟ್ಟಿತು.

"ಹೆದರಿಕೆ ಬುದ್ಧಿ," ಅಂದಳು. "ಹೋದ ಸಲ ನನಗೆ ವಾಂತಿ ಜಾಸ್ತಿ. ಒಂದು ತುತ್ತೂ ಸೇರುತ್ತಿರಲಿಲ್ಲ. ಮಗು ಹೋದಾಗ ಅತ್ತೆ ಎಲ್ಲರ ಮುಂದೆ ಅಂದರು, ಎರಡು ಜೀವಕ್ಕೆ ಉಣ್ಣಬೇಕಾದವಳು ಬಾಯಿ ಕಟ್ಟಿಕೊಂಡು ನನ್ನ ಮೊಮ್ಮಗನ್ನ ಕೊಂದಳು ಅಂತ. ಈ ಸಲ ಅದಕ್ಕೆ ಕಡಿಮೆಯಾದರೆ? ಸಾಲದೇ ಹೋದರೆ? ಹಾಗನ್ನಿಸಿದ ಕೂಡಲೇ ಕೈ ಡಬ್ಬಕ್ಕೆ ಹೋಗುತ್ತೆ."

ಗುರುಗಳ ಮುಖ ಸಣ್ಣದಾಯಿತು. "ಅತ್ತೆ ಹೇಳಿದ್ದು ನಿಜವಾ ಅಂತ ಆಚೆ ದಡದ ಆಸ್ಪತ್ರೆ ನರ್ಸಮ್ಮನ್ನ ಕೇಳಿದೆಯಾ?"

"ಇಲ್ಲ. ಹೌದು ಅಂದುಬಿಟ್ಟರೆ?"

"ನಾಳೆ ಹೋಗಿ ಕೇಳು. ಈ ಡಬ್ಬದ ವಿಷಯಾನೂ ಹೇಳು, ಬಚ್ಚಿಡಬೇಡ. ಅವರಿಗೆ ಗೊತ್ತಿರೋದು ನನಗೆ ಗೊತ್ತಿಲ್ಲ."

ಅವಳು ತಲೆಯಾಡಿಸಿದಳು.

"ಇನ್ನೊಂದು. ಇನ್ನು ಮೇಲೆ ಉಣ್ಣೋಕೆ ಕೂತಾಗ ಎರಡು ಎಲೆ ಹಾಕು. ಒಂದು ನಿನಗೆ. ಒಂದು ಆ ಹೆದರಿಕೆಗೆ."

"ಅದಕ್ಕೂ ಬಡಿಸಬೇಕಾ ಬುದ್ಧಿ?"

"ಮತ್ತೆ? ಇಷ್ಟು ದಿನ ನಿನ್ನ ಹೊಟ್ಟೆಗೇ ಕೈಹಾಕಿ ತಿಂದಳಲ್ಲ. ಪಾಪ, ಅವಳಿಗೂ ಒಂದು ಎಲೆ ಕೊಟ್ಟು ನೋಡೋಣ. ಎಷ್ಟು ಉಣ್ಣುತ್ತಾಳೆ ಅಂತ ನನಗೂ ನೋಡಬೇಕು."

ಮಾರನೇ ದಿನ ಗಂಡನ ದೋಣಿಯಲ್ಲೇ ಹೊಳೆ ದಾಟಿ ಹೋದಳು. ನರ್ಸಮ್ಮ ಬೈಯಲಿಲ್ಲ. ಹಳೇ ಚೀಟಿಗಳನ್ನೆಲ್ಲ ತಿರುವಿ ನೋಡಿ ಅವಳ ಕೈ ಹಿಡಿದುಕೊಂಡರು. "ನೀನು ಉಣ್ಣದೇ ಹೋದದ್ದಕ್ಕೆ ಆದದ್ದಲ್ಲ ಅದು. ಯಾರು ಹೇಳಿದ್ದು ನಿನಗೆ?" ಅಂದರು. ಹೊಟ್ಟೆ ಕಟ್ಟಬೇಡ, ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನು, ಮತ್ತೆ ಹಾಗೇನಾದರೂ ಆದರೆ ಮುಚ್ಚಿಡದೆ ಬಾ ಅಂದರು.

ವಾಪಸು ಬರುವಾಗ ದೋಣಿಯಲ್ಲಿ ಅವಳು ಎರಡು ವರ್ಷದ ಅಳುವನ್ನೆಲ್ಲ ಅತ್ತಳು. ಗಂಡ ಹುಟ್ಟು ಹಾಕುವುದು ನಿಲ್ಲಿಸಿ ಸುಮ್ಮನೆ ಪಕ್ಕದಲ್ಲಿ ಕೂತ. ದೋಣಿ ಅರ್ಧ ಮೈಲಿ ಕೆಳಕ್ಕೆ ತೇಲಿಹೋಗಿತ್ತು.

ಅಂದಿನಿಂದ ಜಗಲಿಯ ಮೇಲೆ ಎರಡು ಎಲೆ. ಬಡಿಸುವಾಗ ಎರಡಕ್ಕೂ ಬಡಿಸುವಳು. ತಾನು ಉಣ್ಣುತ್ತಾ ಎರಡನೇ ಎಲೆಯನ್ನು ನೋಡುವಳು. ಅದರ ಮೇಲಿನ ಮುದ್ದೆ ಹಾಗೇ ಇರುತ್ತಿತ್ತು. ಕೊನೆಗೆ ಅದು ಹಸುವಿನ ಬಾಯಿಗೆ ಹೋಗುತ್ತಿತ್ತು.

"ಇವತ್ತೂ ಮುಟ್ಟಲಿಲ್ಲವಾ?" ಗುರುಗಳು ಕೇಳುವರು.

"ಇಲ್ಲ ಬುದ್ಧಿ."

"ವಿಚಿತ್ರ. ಅಷ್ಟು ಹಸಿವು ಅನ್ನುತ್ತಿದ್ದಳಲ್ಲ."

ಚಿಕ್ಕವೀರಯ್ಯ ಇದನ್ನೆಲ್ಲ ದೂರದಿಂದ ನೋಡಿ ನೋಡಿ ತಡೆಯಲಾರದೆ ಒಂದು ದಿನ ಬಂದ. "ಬುದ್ಧಿ, ನಿಮ್ಮ ಹಾಗೆ ನಾಲಿಗೆ ಗೆಲ್ಲಬೇಕು ಅಂತ ನಾನು ಎರಡು ವರ್ಷದಿಂದ ಸಪ್ಪೆ ಸಾರು ಉಣ್ಣುತ್ತಿದ್ದೀನಿ. ನೀವು ನೋಡಿದರೆ ಇವಳ ಹತ್ತಿರ ಕೂತು ಉಪ್ಪಿನಕಾಯಿ ವಿಷಯ ಕೇಳ್ತೀರಿ!"

ದಾಕ್ಷಾಯಿಣಿ ತಲೆ ತಗ್ಗಿಸಿದಳು. ಗುರುಗಳು ಅವಳತ್ತ ಒಂದು ಸಲ ನೋಡಿದರು. ಆಮೇಲೆ ತಮ್ಮ ಉಗ್ರಾಣದ ಬಾಗಿಲನ್ನೂ ತೆಗೆದುಬಿಟ್ಟರು. ಜ್ವರ, ರುಚಿ, ನಾಚಿಕೆ, ಎಲ್ಲ ಹೇಳಿದರು.

ಚಿಕ್ಕವೀರಯ್ಯ ಬಾಯಿ ತೆರೆದವನು ಮುಚ್ಚಲಿಲ್ಲ. ಕೊನೆಗೆ ಅವಳ ಕಡೆ ತಿರುಗಿ ಮೆಲ್ಲಗೆ ಅಂದ, "ಹಾಗಾದರೆ... ನಾಳೆಯಿಂದ ನನ್ನ ಸಾರಿಗೂ ಒಂದು ಚೂರು ಉಪ್ಪು ಹಾಕಮ್ಮ."

ಹೀಗೆ ದಿನ ಕಳೆದು ಆರು ತಿಂಗಳು ಇಪ್ಪತ್ತನೇ ದಿನ ಬಂತು.

ಬೆಳಿಗ್ಗೆ ದಾಕ್ಷಾಯಿಣಿ ಗದ್ದುಗೆಯ ಮುಂದೆ ಎರಡೆರಡು ಸಲ ಕೈಮುಗಿದಳು. ಪಾಠ ತಲೆಗೆ ಹೋಗಲಿಲ್ಲ. ಹತ್ತು ಗಂಟೆಗೆ ಉಣ್ಣಲು ಕೂತರೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಅತ್ತೆಯ ದನಿ ಕಿವಿಯೊಳಗೆ ಕೂತಿತ್ತು. ಮಗು ಬೆಳಗಿನಿಂದ ಅಲುಗಾಡಿತೋ ಇಲ್ಲವೋ ಅವಳಿಗೆ ನೆನಪಾಗಲಿಲ್ಲ. ಗಾಬರಿಯಿಂದ ಎಲೆ ಬಿಟ್ಟು ಎದ್ದಳು.

ಉಗ್ರಾಣದ ಬಾಗಿಲು ತೆರೆಯಿತು. ಡಬ್ಬದ ಮುಚ್ಚಳ ತೆರೆಯಿತು. ಹಿಡಿ ತುಂಬ ಹುರಿಗಡಲೆ ಬಾಯಿಯ ತನಕ ಬಂತು.

ಅಲ್ಲಿ ನಿಂತಿತು.

ಬಾಯಿಗೆ ಹಾಕಿದರೆ ಇದು ಯಾರ ಹಿಡಿ? ಅವಳಿಗೆ ನಿಜವಾಗಿ ತಿಳಿಯಬೇಕು ಅನ್ನಿಸಿತು. ಅಕ್ಕಿ ಮೂಟೆಗಳ ಹಿಂದೆ ಅದನ್ನು ಹೇಳುವವರು ಯಾರೂ ಇರಲಿಲ್ಲ.

ಡಬ್ಬವನ್ನು ಎತ್ತಿಕೊಂಡು ಹೊರಗೆ ಬಂದಳು. ಗುರುಗಳು ಜಗಲಿಯಲ್ಲೇ ಕೂತಿದ್ದರು, ಎದ್ದು ಹೋದವಳು ಬಂದೇ ಬರುತ್ತಾಳೆ ಅನ್ನುವ ಹಾಗೆ. ಅವಳು ಮತ್ತೆ ಎಲೆಯ ಮುಂದೆ ಕೂತಳು. ತನ್ನ ಎಲೆಗೆ ಒಂದು ಹಿಡಿ ಹುರಿಗಡಲೆ ಹಾಕಿಕೊಂಡಳು. ಡಬ್ಬದಲ್ಲಿ ಉಳಿದದ್ದನ್ನೆಲ್ಲ ಎರಡನೇ ಎಲೆಗೆ ಸುರಿದಳು.

"ತಿನ್ನೇ," ಅಂದಳು ಆ ಎಲೆಗೆ. "ಎಷ್ಟು ಬೇಕೋ ತಿನ್ನು. ಎಲ್ಲಾ ನಿನಗೇ."

ಎಲೆ ಸುಮ್ಮನಿತ್ತು. ಒಂದು ಇರುವೆ ಬಂದು ರಾಶಿಯನ್ನು ಸುತ್ತಿ ಹೋಯಿತು.

ದಾಕ್ಷಾಯಿಣಿ ತನ್ನ ಎಲೆಯಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಅಗಿದಳು. ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮತ್ತೆ ನಾಲ್ಕು ಕಾಳು. ಹುರಿದ ಘಮ, ಆಮೇಲೆ ಸಣ್ಣಗೆ ಸಿಹಿ, ಆಮೇಲೆ ಕಣ್ಣೀರಿನ ಉಪ್ಪು. ಒಂದು ಹಿಡಿ ಮುಗಿಯುವಷ್ಟರಲ್ಲಿ ಹೊತ್ತು ಏರಿತ್ತು.

ಆಗ ಒಳಗೆ ಪಕ್ಕೆಯ ಹತ್ತಿರ ಒಂದು ಒದೆತ ಬಿತ್ತು. ಸಣ್ಣದಲ್ಲ. ಸರಿಯಾದ ಒದೆತ.

ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು. ಇನ್ನೊಂದು ಒದೆತ ಬಿತ್ತು.

"ಬುದ್ಧಿ," ಅಂದಳು. ಅಳುತ್ತಲೇ ನಗು ಬಂದುಬಿಟ್ಟಿತ್ತು. "ಒದ್ದಿತು ಬುದ್ಧಿ!"

ಗಂಟೆ ಬಾರಿಸಲು ಹೊರಟಿದ್ದ ಚಿಕ್ಕವೀರಯ್ಯ ಅಲ್ಲೇ ನಿಂತ. ದಾಕ್ಷಾಯಿಣಿಯ ಕೈ ಎರಡನೇ ಎಲೆಯ ಕಡೆ ಹೋಗಲಿಲ್ಲ. ಎರಡು ಅಂಗೈಯನ್ನೂ ತನ್ನ ಎಲೆಯ ಮೇಲೆ ಅಡ್ಡ ಹಿಡಿದು ಅವಳು ಮೊದಲ ಸಲ ಒಂದು ಮಾತು ಹೇಳಿದಳು.

"ಸಾಕು ಬುದ್ಧಿ."

ಗುರು ಕರಿಬಸವಯ್ಯನವರು ಎರಡನೇ ಎಲೆಯನ್ನು ಮೆಲ್ಲಗೆ ಮಡಿಸಿ ಪಕ್ಕಕ್ಕಿಟ್ಟರು. ಅವಳ ಹೊಟ್ಟೆಯ ಕಡೆ ಬಾಗಿ, ಕಣ್ಣರಳಿಸಿ, ಗುಟ್ಟು ಕೇಳುವವರ ಹಾಗೆ ಕೇಳಿದರು:

"ಹುರಿಗಡಲೆ ಹೇಗಿತ್ತಂತೆ?"